ಮೆದುಳಿನ ಮೈಟೊಕಾಂಡ್ರಿಯಾಗೂ ವಯಸ್ಸಾಗುತ್ತದೆ: ಏನು ಮಾಡಬೇಕು, ಏನು ಬಿಡಬೇಕು

ಐವತ್ತು ದಾಟಿದ ಮೇಲೆ ಅನೇಕರು ಹೇಳುವ ಮಾತು ಒಂದೇ. ಮುಖ ನೆನಪಿದೆ, ಹೆಸರು ನಾಲಿಗೆ ತುದಿಯಲ್ಲಿದೆ, ಹೊರಗೆ ಬರ್ತಿಲ್ಲ. ಇದಕ್ಕೆ ಕಾರಣಗಳು ಹಲವು. ಅದರಲ್ಲಿ ಒಂದು, ನರಕೋಶದ ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗೆ ವಯಸ್ಸಾಗುವುದು. ಈ ಹೆಸರು ಈಗ ಮಾತ್ರೆಗಳ ಜಾಹೀರಾತಿನಲ್ಲೂ ಕಾಣಿಸುತ್ತಿದೆ. ಹಾಗಾಗಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಮೆದುಳಿನಲ್ಲಿ ಮುಖ್ಯವಾಗಿ ಹಿಂದೆ ಬೀಳುವುದು ರಿಪೇರಿ ಕೆಲಸ. ಕೆಟ್ಟ ಮೈಟೊಕಾಂಡ್ರಿಯಾವನ್ನು ತೆಗೆದುಹಾಕಿ ಹೊಸದನ್ನು ಕಟ್ಟುವುದು ನಿಧಾನವಾಗುತ್ತದೆ. ಮುಂದೆ ಬರುವ ಪ್ರತಿಯೊಂದು ಹೆಜ್ಜೆಯನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ತೂಗಿದ್ದೇನೆ: ಇದು ಆ ರಿಪೇರಿಗೆ ನೆರವಾಗುತ್ತದೆಯೇ?

ಹೆಜ್ಜೆ 1: ಒಳಗೆ ಏನಾಗುತ್ತಿದೆ ಅಂತ ಮೊದಲು ತಿಳಿದುಕೊಳ್ಳಿ

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2. ಆದರೆ ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20 ಮೆದುಳಿಗೇ ಹೋಗುತ್ತದೆ. ಆ ಶಕ್ತಿಯ ಬಹುಪಾಲು ತಯಾರಾಗುವುದು ಮೈಟೊಕಾಂಡ್ರಿಯಾದಲ್ಲಿ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಅದರ ಒಳಪೊರೆಯಲ್ಲಿರುವ ಪ್ರೋಟೀನ್ ಸಮೂಹಗಳನ್ನು ದಾಟುತ್ತಾ ಹೋಗಿ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಹೀಗೆ ದಾಟುವಾಗ ಪ್ರೋಟಾನ್‌ಗಳು ಪೊರೆಯ ಆಚೆ ಜಮಾ ಆಗುತ್ತವೆ. ಅವು ವಾಪಸ್ ನುಗ್ಗುವ ರಭಸದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ತಯಾರಾಗುತ್ತದೆ. ಬ್ರಿಟನ್ನಿನ ವಿಜ್ಞಾನಿ ಪೀಟರ್ ಮಿಚೆಲ್ ಇದನ್ನು 1961ರಲ್ಲಿ ಹೇಳಿದಾಗ ನಂಬಿದವರು ಕಡಿಮೆ. 1978ರಲ್ಲಿ ಇದಕ್ಕೇ ಅವರಿಗೆ ನೊಬೆಲ್ ಬಂತು.

ಚರ್ಮದ ಕೋಶಗಳು ಸತ್ತು ಹೊಸವು ಹುಟ್ಟುತ್ತಲೇ ಇರುತ್ತವೆ. ಮೆದುಳಿನ ಹೆಚ್ಚಿನ ನರಕೋಶಗಳಿಗೆ ಆ ಸೌಲಭ್ಯ ಇಲ್ಲ. ಎಂಬತ್ತು ವರ್ಷದವರ ಮೆದುಳಿನಲ್ಲಿ ಎಂಬತ್ತು ವರ್ಷದ ನರಕೋಶಗಳೇ ಇರುತ್ತವೆ. ಕೋಶ ಹಳೆಯದಾದರೂ ಅದರೊಳಗಿನ ಮೈಟೊಕಾಂಡ್ರಿಯಾ ಮಾತ್ರ ಆಗಾಗ ಬದಲಾಗುತ್ತಿರಬೇಕು. ವಯಸ್ಸಾದಂತೆ ತೊಡಕಾಗುವುದು ಇಲ್ಲೇ, ಮೂರು ಕಡೆ.

ಮೊದಲನೆಯದು ಡಿಎನ್‌ಎ. ಮೈಟೊಕಾಂಡ್ರಿಯಾಗೆ ತನ್ನದೇ ಪುಟ್ಟ ಡಿಎನ್‌ಎ ಇದೆ: 16,569 ಅಕ್ಷರ, 37 ಜೀನ್. ಇದು ಜೀವನಪೂರ್ತಿ ನಕಲಾಗುತ್ತಲೇ ಇರುತ್ತದೆ, ನಕಲಿನಲ್ಲಿ ತಪ್ಪುಗಳು ಸೇರುತ್ತಲೇ ಹೋಗುತ್ತವೆ. ಕೆಲವೊಮ್ಮೆ ದೊಡ್ಡ ತುಂಡೇ ಬಿಟ್ಟುಹೋಗುತ್ತದೆ. ನಮ್ಮ ಚಲನೆಯನ್ನು ಹತೋಟಿಯಲ್ಲಿಡುವ ಸಬ್‌ಸ್ಟಾನ್ಷಿಯಾ ನೈಗ್ರ ಎಂಬ ಭಾಗದ ನರಕೋಶಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಎರಡು ಅಧ್ಯಯನಗಳು 2006ರಲ್ಲಿ ಬಂದವು. ವಯಸ್ಸಾದವರ ಆ ಕೋಶಗಳಲ್ಲಿ ಹೀಗೆ ತುಂಡಾದ ಡಿಎನ್‌ಎ ತುಂಬಾ ಇತ್ತು. ಒಂದು ಕೋಶದಲ್ಲಿ ಕೆಟ್ಟ ಪ್ರತಿಗಳ ಪಾಲು ಸುಮಾರು ಶೇ. 60 ದಾಟಿದಾಗ ಶಕ್ತಿ ತಯಾರಿಕೆ ಕುಸಿಯುತ್ತದೆ. ಅಲ್ಲಿಯವರೆಗೆ ಒಳ್ಳೆಯ ಪ್ರತಿಗಳು ಹೇಗೋ ಸಂಭಾಳಿಸುತ್ತವೆ. ಹಾನಿ ಎಷ್ಟೋ ವರ್ಷ ಹೊರಗೆ ಕಾಣದಿರಲು ಇದೂ ಒಂದು ಕಾರಣ.

ಎರಡನೆಯದು ಸ್ವಚ್ಛತೆ. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಹತ್ತಿರದಿಂದ ನೋಡೋಣ. ಪಿಂಕ್1 ಎಂಬ ಪ್ರೋಟೀನ್ ಸದಾ ಮೈಟೊಕಾಂಡ್ರಿಯಾದ ಬಾಗಿಲಿಗೆ ಬರುತ್ತಿರುತ್ತದೆ. ಮೈಟೊಕಾಂಡ್ರಿಯಾ ಚೆನ್ನಾಗಿದ್ದರೆ ಅದನ್ನು ಒಳಗೆ ಎಳೆದುಕೊಂಡು ಕತ್ತರಿಸುತ್ತದೆ, ಆಮೇಲೆ ಕೋಶ ಅದನ್ನು ಕರಗಿಸಿಬಿಡುತ್ತದೆ. ಮೈಟೊಕಾಂಡ್ರಿಯಾ ಕೆಟ್ಟಿದ್ದರೆ ಒಳಗೆ ಎಳೆಯುವ ಶಕ್ತಿಯೇ ಇರುವುದಿಲ್ಲ. ಆಗ ಪಿಂಕ್1 ಬಾಗಿಲಲ್ಲೇ ನಿಂತುಬಿಡುತ್ತದೆ. ನಿಂತ ಪಿಂಕ್1 ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನನ್ನು ಕರೆಯುತ್ತದೆ. ಪಾರ್ಕಿನ್ ಬಂದು ಆ ಮೈಟೊಕಾಂಡ್ರಿಯಾದ ಮೈಗೆಲ್ಲ ಗುರುತು ಹಚ್ಚುತ್ತದೆ. ಗುರುತು ಬಿದ್ದದ್ದನ್ನು ಕೋಶ ಒಂದು ಚೀಲದಲ್ಲಿ ಸುತ್ತಿ ಲೈಸೋಸೋಮ್ ಎಂಬ ಕಸ ಕರಗಿಸುವ ಕೋಶದ ಭಾಗಕ್ಕೆ ಕಳಿಸಿ ಕರಗಿಸುತ್ತದೆ. ಬುಟ್ಟಿಯಲ್ಲಿ ಕೊಳೆತ ಹಣ್ಣನ್ನು ಮೊದಲೇ ಆರಿಸಿ ತೆಗೆದಂತೆ. ತೆಗೆಯದಿದ್ದರೆ ಪಕ್ಕದ್ದಕ್ಕೂ ತೊಂದರೆ. ಈ ಎರಡು ಪ್ರೋಟೀನ್‌ಗಳಲ್ಲಿ ಒಂದರ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷ ಇದ್ದವರಿಗೆ, ಕೈ ನಡುಗಿಸಿ ಚಲನೆಯನ್ನು ನಿಧಾನ ಮಾಡುವ ಪಾರ್ಕಿನ್ಸನ್ ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಈ ಕೆಲಸ ಎಷ್ಟು ಮುಖ್ಯ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ, ಅಲ್ವಾ? ವಯಸ್ಸಾದ ನರಕೋಶದಲ್ಲಿ ಲೈಸೋಸೋಮ್ ಕೂಡ ಸುಸ್ತಾಗುತ್ತದೆ. ಕರಗದೆ ಉಳಿದ ಕಂದುಬಣ್ಣದ ಕಸ ಅಲ್ಲೇ ಕೂಡಿಕೊಳ್ಳುತ್ತದೆ.

ಮೂರನೆಯದು ಸಾಗಾಟ. ನರಕೋಶದ ತಂತು ತುಂಬಾ ಉದ್ದ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ತಂತು ಸುಮಾರು 1 ಮೀಟರ್ ಇರುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗಕ್ಕೆ ಸೈನಾಪ್ಸ್ ಅನ್ನುತ್ತಾರೆ. ಅಲ್ಲಿಗೆಲ್ಲ ಮೈಟೊಕಾಂಡ್ರಿಯಾವನ್ನು ಹೊತ್ತು ತಲುಪಿಸಬೇಕು, ಹಳೆಯದನ್ನು ವಾಪಸ್ ತರಬೇಕು. ಇದು ಕುಂಟಿದರೆ ಮೊದಲು ಬಳಲುವುದು ಸೈನಾಪ್ಸ್. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಸಾದ ರೀಸಸ್ ಕೋತಿಗಳ ಮೆದುಳಿನ ಮುಂಭಾಗವನ್ನು ನೋಡಿದರು. ಸೈನಾಪ್ಸ್ ಬಳಿಯ ಮೈಟೊಕಾಂಡ್ರಿಯಾ ಎಷ್ಟೋ ಕಡೆ ಸುತ್ತಿಕೊಂಡು ಉಂಗುರದ ಆಕಾರಕ್ಕೆ ಬಂದಿದ್ದವು. ಯಾವ ಕೋತಿಯಲ್ಲಿ ಈ ಉಂಗುರಗಳು ಜಾಸ್ತಿ ಇದ್ದವೋ ಅದು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದಿತ್ತು.

ಹೆಜ್ಜೆ 2: ಓಡಾಟದಿಂದಲೇ ಶುರು ಮಾಡಿ

ಒಂದೇ ಕೆಲಸ ಮಾಡಲು ಮನಸ್ಸಿದ್ದರೆ ಇದನ್ನು ಮಾಡಿ. ಹೊಸ ಮೈಟೊಕಾಂಡ್ರಿಯಾ ಕಟ್ಟಲು ಅಪ್ಪಣೆ ಕೊಡುವ ಪ್ರೋಟೀನ್ ಒಂದಿದೆ, ಹೆಸರು ಪಿಜಿಸಿ-1 ಆಲ್ಫಾ. 1998ರಲ್ಲಿ ಗುರುತಾದದ್ದು. ದೇಹಕ್ಕೆ ಶ್ರಮವಾದಾಗ ಸ್ನಾಯುವಿನಲ್ಲಿ ಇದು ಏರುತ್ತದೆ. ಇಲಿಗಳನ್ನು ಕೆಲವು ವಾರ ಓಡಿಸಿ ನೋಡಿದಾಗ ಮೆದುಳಿನಲ್ಲೂ ಏರಿದ್ದು ಕಂಡಿದೆ.

ಇಲ್ಲಿ ಒಂದು ಪ್ರಯೋಗವನ್ನು ಹೇಳಲೇಬೇಕು. ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ತಪ್ಪಾಗಿ ನಕಲು ಮಾಡುವಂತೆ ಜೀನ್ ಬದಲಿಸಿದ ಇಲಿಗಳಿವೆ. ಅವುಗಳಿಗೆ ಬೇಗ ಮುಪ್ಪು ಬರುತ್ತದೆ: ಕೂದಲು ನರೆತು ಉದುರುತ್ತದೆ, ಬೆನ್ನು ಬಾಗುತ್ತದೆ, ಆಯಸ್ಸು ಅರ್ಧಕ್ಕೇ ಮುಗಿಯುತ್ತದೆ. 2011ರಲ್ಲಿ ಕೆನಡಾದ ಮಾರ್ಕ್ ಟಾರ್ನೊಪೋಲ್ಸ್ಕಿ ಅವರ ತಂಡ ಇಂಥ ಕೆಲವು ಇಲಿಗಳನ್ನು ವಾರಕ್ಕೆ 3 ಸಲದಂತೆ 5 ತಿಂಗಳು ಓಡಿಸಿತು. ಓಡಿದ ಇಲಿಗಳು ನೋಡಲು ಆರೋಗ್ಯವಂತ ಇಲಿಗಳ ಹಾಗೇ ಇದ್ದವು. ಓಡದ ಇಲಿಗಳು ಮುದಿಯಾಗಿದ್ದವು. ಇಲಿಗಾದದ್ದು ಮನುಷ್ಯನಿಗೆ ಹಾಗೇ ಆಗುತ್ತದೆ ಅನ್ನಲು ಬರುವುದಿಲ್ಲ. ಆದರೂ ಡಿಎನ್‌ಎಯಲ್ಲೇ ದೋಷ ಇದ್ದರೂ ರಿಪೇರಿಗೆ ಚುರುಕು ಮುಟ್ಟಿಸಬಹುದು ಅನ್ನುವುದು ನನಗೆ ದೊಡ್ಡ ವಿಷಯ.

ಮನುಷ್ಯರ ಮೇಲೂ ಕೆಲಸ ನಡೆದಿದೆ. 2011ರ ಒಂದು ಪ್ರಯೋಗದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ 3 ದಿನ, 40 ನಿಮಿಷದವರೆಗೆ ಚುರುಕಾಗಿ ನಡೆಯಿತು. ಇನ್ನೊಂದು ಗುಂಪು ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿತು. ಒಂದು ವರ್ಷದ ಮೇಲೆ ನೋಡಿದರೆ, ನಡೆದವರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಉಳಿದವರಲ್ಲಿ ಸುಮಾರು ಶೇ. 1.4ರಷ್ಟು ಕುಗ್ಗಿತ್ತು. ನಂತರದ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಸ್ಪಷ್ಟ ಫಲ ಸಿಕ್ಕಿಲ್ಲ. ಆದರೆ ಬಿಪಿ, ಶುಗರ್, ನಿದ್ರೆ ಎಲ್ಲಕ್ಕೂ ಒಟ್ಟಿಗೆ ಒಳ್ಳೆಯದಾಗುವ ಬೇರೆ ಉಪಾಯ ನನಗೆ ಕಾಣುತ್ತಿಲ್ಲ.

ಹೇಗೆ ಶುರು ಮಾಡುವುದು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಗುರಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ಇದನ್ನು ನೋಡಿ ಹೆದರಬೇಡಿ. ಇಷ್ಟು ದಿನ ಕೂತೇ ಇದ್ದವರು ದಿನಕ್ಕೆ 10 ನಿಮಿಷದ ನಡಿಗೆಯಿಂದ ಹೊರಡಿ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಶ್ರಮ ಸರಿಯಾಗಿದೆಯೇ ಅಂತ ನೋಡಲು ಮೀಟರ್ ಬೇಡ. ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಲು ಬಂದರೆ ವೇಗ ಸಾಲದು. ಎರಡು ಮಾತಿಗೇ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು.

ವಾರಕ್ಕೆ 2 ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಸಾಕು. 65 ದಾಟಿದವರು ವಾರಕ್ಕೆ 3 ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಿಕೊಳ್ಳಬೇಕು. ಬಿದ್ದು ತಲೆಗೆ ಪೆಟ್ಟಾದರೆ ಮೆದುಳಿಗೆ ಆಗುವ ನಷ್ಟ ದೊಡ್ಡದು. ನಡೆಯುವಾಗ ಎದೆನೋವು, ತಲೆಸುತ್ತು, ಅತಿಯಾದ ಉಸಿರುಗಟ್ಟುವಿಕೆ ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಹೃದಯದ ಕಾಯಿಲೆ ಇರುವವರು ಶುರು ಮಾಡುವ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 3: ರಕ್ತನಾಳ ಕಾಪಾಡಿ

ಮೈಟೊಕಾಂಡ್ರಿಯಾ ಎಷ್ಟೇ ಚೆನ್ನಾಗಿದ್ದರೂ ಆಮ್ಲಜನಕ, ಗ್ಲೂಕೋಸ್ ಬರದಿದ್ದರೆ ಏನೂ ಮಾಡಲಾರದು. ಮೆದುಳು ಇವನ್ನು ಕೂಡಿಟ್ಟುಕೊಳ್ಳುವುದಿಲ್ಲ, ಕ್ಷಣಕ್ಷಣಕ್ಕೂ ರಕ್ತದಿಂದಲೇ ಬರಬೇಕು. ಬಿಪಿ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೆದುಳಿನ ಸಣ್ಣ ರಕ್ತನಾಳಗಳು ಗಟ್ಟಿಯಾಗಿ ಕಿರಿದಾಗುತ್ತವೆ. ಅಮೆರಿಕದಲ್ಲಿ 50 ದಾಟಿದ, ಬಿಪಿ ಇದ್ದ 9,361 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ತರಲು ಯತ್ನಿಸಿದ ಗುಂಪಿನಲ್ಲಿ ನೆನಪು ಮತ್ತು ಯೋಚನೆಯ ಸಣ್ಣ ಮಟ್ಟದ ಕುಸಿತ ಕಡಿಮೆ ಜನರಲ್ಲಿ ಕಂಡಿತು. ಅಂತ ಎಲ್ಲರೂ 120ಕ್ಕೆ ಇಳಿಸಲು ಓಡಬೇಕಿಲ್ಲ. ಕೆಲವು ಹಿರಿಯರಿಗೆ ಅಷ್ಟು ಇಳಿದರೆ ಎದ್ದಾಗ ಕಣ್ಣು ಕತ್ತಲೆ ಬರುತ್ತದೆ. ನಿಮ್ಮ ಗುರಿ ಎಷ್ಟು ಅಂತ ವೈದ್ಯರ ಬಾಯಿಂದಲೇ ಕೇಳಿ.

ಮನೆಯಲ್ಲಿ ಬಿಪಿ ನೋಡಿಕೊಳ್ಳುವವರು ಇಷ್ಟು ಗಮನಿಸಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಮಾತಾಡದೆ ಕೂರಿ. ಪಾದ ಎರಡೂ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ತೋಳು ಜೋತಾಡುತ್ತಿದ್ದರೆ ಇಲ್ಲದ ಬಿಪಿ ಇದೆ ಅಂತ ತೋರಿಸಬಹುದು. ಒಂದು ದಿನದ ಅಂಕಿ ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡಲು ಹೋಗಬೇಡಿ.

ಶುಗರ್ ವಿಷಯವೂ ಇಷ್ಟೇ ಗಂಭೀರ. ಸಕ್ಕರೆ ಸದಾ ಮೇಲೆ ಇದ್ದರೆ ರಕ್ತನಾಳವೂ ಕೆಡುತ್ತದೆ, ಮೈಟೊಕಾಂಡ್ರಿಯಾದ ಮೇಲಿನ ಒತ್ತಡವೂ ಏರುತ್ತದೆ. ತುಂಬಾ ಇಳಿದರೆ ಮೆದುಳಿಗೆ ತಕ್ಷಣದ ಅಪಾಯ. ಮೆಟ್‌ಫಾರ್ಮಿನ್ ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು ಬಿ12 ಪರೀಕ್ಷೆ ಮಾಡಿಸಿ. ಆ ಮಾತ್ರೆಯಿಂದ ಬಿ12 ಕಡಿಮೆಯಾಗಬಹುದು. ಬಿ12 ಕೊರತೆಯಿಂದಲೂ ಮರೆವು, ಕಾಲು ಜೋಮು ಬರುತ್ತದೆ. ಮೈಟೊಕಾಂಡ್ರಿಯಾದ ತಂಟೆಗೇ ಹೋಗದೆ ಸರಿಪಡಿಸಬಹುದಾದ ತೊಂದರೆ ಇದು.

ಹೆಜ್ಜೆ 4: ನಿದ್ರೆಗೆ ಜಾಗ ಕೊಡಿ

ಎಚ್ಚರವಾಗಿದ್ದಾಗ ನರಕೋಶಗಳಿಗೆ ದುಡಿಮೆ, ನಿದ್ರೆಯಲ್ಲಿ ದುರಸ್ತಿಗೆ ಬಿಡುವು. 2013ರಲ್ಲಿ ಇಲಿಗಳ ಮೆದುಳನ್ನು ನೋಡಿದ ಒಂದು ತಂಡ, ನಿದ್ರೆಯಲ್ಲಿ ಕೋಶಗಳ ನಡುವಿನ ಜಾಗ ಹಿಗ್ಗಿ ತ್ಯಾಜ್ಯ ಬೇಗ ತೊಳೆದುಹೋಗುತ್ತದೆ ಅಂತ ತೋರಿಸಿತು. ಆ ತೊಳೆಯುವಿಕೆ ನಿಖರವಾಗಿ ಹೇಗೆ ನಡೆಯುತ್ತದೆ ಅನ್ನುವುದರ ಬಗ್ಗೆ ಈಗಲೂ ವಾದ ಇದೆ. ನಿದ್ರೆಗೆಟ್ಟರೆ ಮೆದುಳಿಗೆ ಹಾನಿ ಅನ್ನುವುದರಲ್ಲಿ ವಾದ ಇಲ್ಲ.

7 ಗಂಟೆಗೆ ಕಡಿಮೆಯಾಗದಂತೆ ನೋಡಿಕೊಳ್ಳಿ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಹಿಡಿದಿಟ್ಟುಕೊಳ್ಳುವುದು ಸುಲಭ, ಅದರಿಂದ ಶುರು ಮಾಡಿ. ಜೋರಾಗಿ ಗೊರಕೆ ಹೊಡೆಯುವವರು, ನಡುವೆ ಉಸಿರು ನಿಂತಂತಾಗಿ ದಿಗ್ಗನೆ ಏಳುವವರು ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಲೇಬೇಕು. ರಾತ್ರಿಯಿಡೀ ಆಮ್ಲಜನಕ ಏರಿಳಿಯುತ್ತಿದ್ದರೆ ಆ ಪೆಟ್ಟು ನೇರ ಮೈಟೊಕಾಂಡ್ರಿಯಾಗೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಿದ್ರೆ ಮಾತ್ರೆಯನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ, ಹಿರಿಯರಲ್ಲಿ ಅದು ಮರೆವನ್ನೇ ಜಾಸ್ತಿ ಮಾಡಬಹುದು.

ಹೆಜ್ಜೆ 5: ಊಟ

ಇಲ್ಲಿ ಹೇಳುವುದು ಕಡಿಮೆ. ತರಕಾರಿ, ಕಾಳು, ಇಡೀ ಧಾನ್ಯ, ಬೀಜಗಳು, ತಿನ್ನುವವರಿಗೆ ಮೀನು. ಇಷ್ಟು ಹೆಚ್ಚಾಗಿ, ಕರಿದದ್ದು ಮತ್ತು ಸಕ್ಕರೆ ಕಡಿಮೆ. ಉಪವಾಸದಿಂದ ಕೋಶದ ಸ್ವಚ್ಛತೆ ಚುರುಕಾಗುತ್ತದೆ ಅನ್ನುವುದು ಪ್ರಾಣಿಗಳಲ್ಲಿ ಕಂಡ ಮಾತು. ಆ ಸ್ವಚ್ಛತೆಯ ಕ್ರಮವನ್ನು ಬಿಡಿಸಿ ತೋರಿಸಿದ್ದಕ್ಕೆ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಸಿಕ್ಕಿತು. ಅವರು ಕೆಲಸ ಮಾಡಿದ್ದು ಈಸ್ಟ್ ಕೋಶಗಳಲ್ಲಿ. ಅಲ್ಲಿಂದ ನೇರ ಎಪ್ಪತ್ತರ ಹಿರಿಯರಿಗೆ ದಿನವಿಡೀ ಉಪವಾಸ ಹೇಳುವುದು ದೊಡ್ಡ ಜಿಗಿತವಾಯಿತು. ಆ ವಯಸ್ಸಿನಲ್ಲಿ ಸ್ನಾಯು ಕರಗಿದರೆ ವಾಪಸ್ ಬರುವುದು ಕಷ್ಟ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು.

ಹೆಜ್ಜೆ 6: ಮಾತ್ರೆ ಡಬ್ಬಿ ಕೊಳ್ಳುವ ಮುಂಚೆ ಇದನ್ನು ಓದಿ

ಅಮೆರಿಕದ ವಿಜ್ಞಾನಿ ಡೆನ್‌ಹಮ್ ಹಾರ್ಮನ್ 1956ರಲ್ಲಿ ಒಂದು ವಾದ ಮುಂದಿಟ್ಟರು. ದೇಹದಲ್ಲಿ ಹುಟ್ಟುವ, ಸುತ್ತಲಿನ ಅಣುಗಳನ್ನು ಕೆಡಿಸುವ ಫ್ರೀ ರಾಡಿಕಲ್‌ಗಳೇ ಮುಪ್ಪಿಗೆ ಕಾರಣ ಅಂತ. 1972ರಲ್ಲಿ ಅದಕ್ಕೆ ಮೈಟೊಕಾಂಡ್ರಿಯಾವನ್ನೂ ಜೋಡಿಸಿದರು. ಫ್ರೀ ರಾಡಿಕಲ್ ತಡೆಯುವ, ವಿಟಮಿನ್ ಸಿ, ಇ ಥರದ ಆಂಟಿಆಕ್ಸಿಡೆಂಟ್ ಮಾತ್ರೆಗಳು ನಿಂತಿರುವುದು ಈ ವಾದದ ಮೇಲೆ. ಆದರೆ ಮುಂದೆ ತಿಳಿದದ್ದು ಏನೆಂದರೆ, ಮೈಟೊಕಾಂಡ್ರಿಯಾ ಡಿಎನ್‌ಎಯ ಎಷ್ಟೋ ದೋಷಗಳು ನಕಲು ಮಾಡುವಾಗ ಆದ ತಪ್ಪುಗಳು. ಅದಲ್ಲದೆ, ಸ್ವಲ್ಪ ಮಟ್ಟಿನ ಫ್ರೀ ರಾಡಿಕಲ್ ಕೋಶಕ್ಕೆ ಬೇಕು. "ರಿಪೇರಿ ಶುರು ಮಾಡು" ಅಂತ ಹೇಳುವ ಸಂಕೇತ ಅದು. 2009ರ ಒಂದು ಪ್ರಯೋಗದಲ್ಲಿ ವ್ಯಾಯಾಮದ ಜೊತೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯುನಿಟ್ ವಿಟಮಿನ್ ಇ ತೆಗೆದುಕೊಂಡವರಿಗೆ, ವ್ಯಾಯಾಮದಿಂದ ಇನ್ಸುಲಿನ್ ಕೆಲಸಕ್ಕೆ ಆಗಬೇಕಿದ್ದ ಲಾಭವೇ ಸಿಗಲಿಲ್ಲ.

ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್ ಸಾಗಿಸುವ ಕೋಎಂಜೈಮ್ ಕ್ಯೂ10 ಎಂಬ ಅಣುವಿನ ಮಾತ್ರೆ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪಾರ್ಕಿನ್ಸನ್ ಶುರುವಾದ 600 ಜನರಿಗೆ ದಿನಕ್ಕೆ 1,200 ಅಥವಾ 2,400 ಮಿಲಿಗ್ರಾಂ ಕೊಟ್ಟು ನೋಡಿದರು. ಲಾಭ ಕಾಣಲಿಲ್ಲ, ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಕೋಶಕ್ಕೆ ಶಕ್ತಿ ಒದಗಿಸಲು ಕೊಡುವ ಕ್ರಿಯಾಟಿನ್ ಕೂಡ ಹಾಗೇ: 1,741 ಪಾರ್ಕಿನ್ಸನ್ ರೋಗಿಗಳ ದೊಡ್ಡ ಪ್ರಯೋಗದ ಫಲ 2015ರಲ್ಲಿ ಬಂತು, ಕಾಯಿಲೆಯ ಓಟ ನಿಧಾನವಾಗಲಿಲ್ಲ. ಆಹಾರದ ಎಲೆಕ್ಟ್ರಾನ್‌ಗಳನ್ನು ಮೈಟೊಕಾಂಡ್ರಿಯಾಗೆ ತಲುಪಿಸುವ ಎನ್‌ಎಡಿ ಎಂಬ ಅಣುವನ್ನು ಏರಿಸುತ್ತೇವೆ ಅನ್ನುವ ಮಾತ್ರೆಗಳ ವಿಷಯದಲ್ಲಿ, ವಯಸ್ಸಾದಂತೆ ಆ ಅಣು ಹಲವು ಅಂಗಾಂಶಗಳಲ್ಲಿ ಇಳಿಯುತ್ತದೆ ಅನ್ನುವುದು ನಿಜ. ಮಾತ್ರೆಯಿಂದ ರಕ್ತದಲ್ಲಿ ಏರುತ್ತದೆ ಅನ್ನುವುದೂ ನಿಜ. ಅದರಿಂದ ಮನುಷ್ಯರ ನೆನಪು ಉಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಡಬ್ಬಿಯ ಮೇಲೆ "ಮೈಟೊಕಾಂಡ್ರಿಯಾಗೆ ಬೆಂಬಲ" ಅಂತ ಬರೆದಿದ್ದರೆ ಅಂಗಡಿಯವರಿಗೆ ಒಂದೇ ಪ್ರಶ್ನೆ ಕೇಳಿ: ಮನುಷ್ಯರಲ್ಲಿ, ನೆನಪಿನ ಮೇಲೆ, ಎಷ್ಟು ಜನರಲ್ಲಿ ನೋಡಿದ್ದಾರೆ? ಹಿರಿಯರು ಕೂಡಿಟ್ಟ ದುಡ್ಡು ಇಂಥ ಡಬ್ಬಿಗಳಿಗೆ ಹೋಗುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹೆಜ್ಜೆ 7: ವಿಷದಿಂದ ದೂರ ಇರಿ

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಮರಗಟ್ಟಿ ಕೂತುಬಿಟ್ಟರು. ಮಾತಿಲ್ಲ, ಚಲನೆ ಇಲ್ಲ. ಇಳಿವಯಸ್ಸಿನ ಪಾರ್ಕಿನ್ಸನ್ ಲಕ್ಷಣಗಳೆಲ್ಲ ಕೆಲವೇ ದಿನಗಳಲ್ಲಿ ಬಂದಿದ್ದವು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಯವರು ಬೆನ್ನುಹತ್ತಿ ನೋಡಿದಾಗ, ಇವರೆಲ್ಲ ಕಳ್ಳತನದಲ್ಲಿ ತಯಾರಾದ ಮಾದಕ ವಸ್ತು ಚುಚ್ಚಿಕೊಂಡಿದ್ದು ತಿಳಿಯಿತು. ಅದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ಮೆದುಳಿಗೆ ಹೋದ ಎಂಪಿಟಿಪಿ ರೂಪ ಬದಲಿಸಿ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳನ್ನೇ ಹುಡುಕಿ ಹೊಕ್ಕು, ಮೈಟೊಕಾಂಡ್ರಿಯಾದ ಮೊದಲ ಪ್ರೋಟೀನ್ ಸಮೂಹವನ್ನು ಕಟ್ಟಿಹಾಕುತ್ತದೆ. ಆ ನರಕೋಶಗಳ ಮೈಟೊಕಾಂಡ್ರಿಯಾ ನಿಂತರೆ ಅವು ಸತ್ತು ಪಾರ್ಕಿನ್ಸನ್ ಲಕ್ಷಣಗಳು ಬರುತ್ತವೆ ಅನ್ನುವುದು ಜಗತ್ತಿಗೆ ಸ್ಪಷ್ಟವಾದದ್ದು ಹೀಗೆ.

ರೊಟೆನೋನ್ ಎಂಬ ಕೀಟನಾಶಕ ಕೂಡ ಅದೇ ಮೊದಲ ಸಮೂಹವನ್ನು ತಡೆಯುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬೇರೆ ದಾರಿಯಲ್ಲಿ ಕೋಶಕ್ಕೆ ಹಾನಿ ಮಾಡುತ್ತದೆ. ಇವೆರಡರಲ್ಲಿ ಯಾವುದನ್ನಾದರೂ ಬಳಸಿದ ಕೃಷಿ ಕೆಲಸಗಾರರಲ್ಲಿ ಪಾರ್ಕಿನ್ಸನ್ ಹೆಚ್ಚು ಕಂಡಿದೆ ಅಂತ 2011ರ ಅಧ್ಯಯನ ಹೇಳಿದೆ. ಔಷಧಿ ಹೊಡೆಯುವವರು ಕೈಗವಸು, ಮುಖಗವಸು, ತುಂಬು ತೋಳಿನ ಬಟ್ಟೆ ತಪ್ಪಿಸಬೇಡಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ, ಜನರೇಟರ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕವನ್ನೇ ತಪ್ಪಿಸುತ್ತದೆ. ಸಿಗರೇಟು ಬಿಡಿ, ಕುಡಿತ ಕಡಿಮೆ ಮಾಡಿ, ಸಾಧ್ಯವಾದರೆ ಬಿಟ್ಟೇಬಿಡಿ.

ಹೆಜ್ಜೆ 8: ಎಲ್ಲ ಮರೆವನ್ನೂ ವಯಸ್ಸಿನ ಮೇಲೆ ಹಾಕಬೇಡಿ

ಹೆಸರು ತಡವಾಗಿ ನೆನಪಾಗುವುದು ಸಹಜ. ಗೊತ್ತಿರುವ ದಾರಿ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದುಡ್ಡಿನ ಲೆಕ್ಕ ಗೊಂದಲವಾಗುವುದು ಸಹಜವಲ್ಲ. ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೈ ನಡುಕ, ನಡಿಗೆ ನಿಧಾನ, ವಾಸನೆ ತಿಳಿಯದಿರುವುದು ಇದ್ದರೆ ನರವೈದ್ಯರಿಗೆ ತೋರಿಸಿ.

ಮರೆವಿಗೆ ಥೈರಾಯ್ಡ್, ಬಿ12, ಖಿನ್ನತೆ, ಕಿವಿ ಕೇಳದಿರುವುದು ಕಾರಣವಾಗಿರಬಹುದು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ, ದಿನದ ಬದುಕಿಗೇ ಅಡ್ಡಿಯಾಗುವ ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ವಿಷಯದಲ್ಲಿ ಬದಲಿಸಬಹುದಾದ 14 ಅಪಾಯಗಳನ್ನು 2024ರಲ್ಲಿ ಪಟ್ಟಿ ಮಾಡಿತು. ಕಿವಿ, ಕಣ್ಣು, ಬಿಪಿ, ಕೊಲೆಸ್ಟ್ರಾಲ್, ಒಂಟಿತನ ಎಲ್ಲವೂ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅವರ ಲೆಕ್ಕ.

ಇನ್ನೊಂದು ಗೊಂದಲ. ಮೈಟೊಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಬರುತ್ತದೆ, ಹಾಗಾಗಿ ಅಮ್ಮನಿಗೆ ಮರೆವು ಬಂದರೆ ನನಗೂ ಬಂದೇ ಬರುತ್ತದೆಯೇ ಅಂತ ಕೆಲವರು ಕೊರಗುತ್ತಾರೆ. ವಯಸ್ಸಿನ ಜೊತೆ ಬರುವ ಮರೆವು ಹಾಗೆ ನೇರವಾಗಿ ಇಳಿಯುವುದಿಲ್ಲ. ಆದರೆ ತಾಯಿಯ ಕಡೆಯ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕಿವುಡು, ಶುಗರ್, ಫಿಟ್ಸ್, ಸ್ನಾಯು ಸೋಲು ಒಟ್ಟಿಗೆ ಇದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಹುಟ್ಟಿನಿಂದ ಬರುವ ಮೈಟೊಕಾಂಡ್ರಿಯಾ ಕಾಯಿಲೆಗಳೇ ಬೇರೆ, ಅವಕ್ಕೆ ಪರೀಕ್ಷೆ ಇದೆ, ಕೆಲವು ಔಷಧಿಗಳನ್ನು ಅವರಿಗೆ ಕೊಡಬಾರದು.

ವೈದ್ಯರ ಬಳಿ ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನು, ಅಂಗಡಿಯಿಂದ ಸುಮ್ನೆ ತಂದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಲರ್ಜಿ, ಮೂತ್ರದ ತೊಂದರೆ, ನಿದ್ರೆಗೆ ಕೊಡುವ ಕೆಲವು ಮಾತ್ರೆಗಳು ಹಿರಿಯರ ಮೆದುಳನ್ನು ಮಂಕು ಮಾಡುತ್ತವೆ. ಯಾವುದನ್ನು ನಿಲ್ಲಿಸಬಹುದು ಅಂತ ನೀವೇ ಬಾಯಿಬಿಟ್ಟು ಕೇಳಿ.